ಹತ್ತು ಹೆಜ್ಜೆ ಉತ್ತರಕ್ಕೆ

ಮೂವತ್ತೇಳನೇ ನಂಬರಿನ ಗೂಡೂ ಬರಿದಾಗಿತ್ತು.

ಗೂಡೆಂದರೆ ಹೆಚ್ಚೇನಿಲ್ಲ. ಶೀಹ್ ಗಿಡದ ಬುಡದಲ್ಲಿ ಹೆಣ್ಣು ಹುಬಾರಾ ಹಕ್ಕಿ ಎದೆಯೊತ್ತಿ ಮಾಡಿಕೊಂಡ ಒಂದು ಗುಳಿ. ಮೊನ್ನೆ ಅದರಲ್ಲಿ ಮೂರು ಮೊಟ್ಟೆಗಳಿದ್ದವು. ಇವತ್ತು ಎರಡು ಚಿಪ್ಪು, ಅಂಚಿನಲ್ಲಿ ಒಣಗಿದ ಹಳದಿ. ಮನ್ಸೂರಾ ಮಂಡಿಯೂರಿ ಕೂತು ಒಂದು ಚಿಪ್ಪನ್ನು ತಿರುಗಿಸಿ ನೋಡಿದಳು. ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಹೊರಗಿನಿಂದ ಕುಕ್ಕಿದ್ದು. ಕುರಿ ತುಳಿದರೆ ಮೊಟ್ಟೆ ಅಪ್ಪಚ್ಚಿಯಾಗುತ್ತದೆ. ತೂತಾಗುವುದಿಲ್ಲ.

"ಹೋಯ್ತಾ?" ಲಖ್ದರ್ ಜೀಪಿನೊಳಗಿಂದಲೇ ಕೂಗಿದ. ಅವನು ಹುಬಾರಾ ಸಾಕಣೆ ಕೇಂದ್ರದ ಡ್ರೈವರು.

"ಹೋಯ್ತು."

"ಕಾರಣ ಏನ್ ಬರೀತೀಯ?"

ಅವಳ ಕೈಯಲ್ಲಿದ್ದ ಹಾಳೆಯಲ್ಲಿ 'ನಾಶದ ಕಾರಣ' ಎಂಬ ಸಾಲಿನ ಮುಂದೆ ಐದು ಚೌಕಗಳಿದ್ದವು: ನರಿ, ಕಾಗೆ, ನಾಯಿ, ಕುರಿಮಂದೆ, ಗೊತ್ತಿಲ್ಲ.

"ಐವತ್ತು ಹೆಜ್ಜೆ ಒಳಗೆ ಹಿಕ್ಕೆ ಇದ್ರೆ ಕುರಿಮಂದೆ ಅಂತ ಬರೀಬೇಕು, ಡಾಕ್ಟ್ರ ಅಪ್ಪಣೆ," ಅಂದ ಲಖ್ದರ್. "ಹಿಕ್ಕೆ ಇದೆಯಾ ನೋಡು."

"ಲಖ್ದರಣ್ಣ, ಈ ಬಯಲಲ್ಲಿ ಹಿಕ್ಕೆ ಇಲ್ಲದ ಐವತ್ತು ಹೆಜ್ಜೆ ಎಲ್ಲಿದೆ ತೋರ್ಸು. ನಿನ್ನ ಚಪ್ಪಲಿ ಅಡೀಲೇ ಇರುತ್ತೆ."

"ಹಾಗಾದ್ರೆ ನನ್ನ ಮದುವೆ ಮುರಿದದ್ದಕ್ಕೂ ಕುರಿಮಂದೆ ಅಂತಾನೇ ಬರ್ಕೊಂಡ್ಬಿಡು. ಮನೆ ಮುಂದೆನೂ ಹಿಕ್ಕೆ ಇತ್ತು."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಎದ್ದು ನಿಂತು ಉತ್ತರಕ್ಕೆ ನೋಡಿದಳು. ಹತ್ತು ಹೆಜ್ಜೆ ಆಚೆ ಐದು ಕಲ್ಲಿನ ಗುಪ್ಪೆ, ಮೊಣಕಾಲೆತ್ತರ. ಅದರ ತುದಿಯಲ್ಲಿ ಒಂದು ಕಾಗೆ ಕೂತು ಕೊಕ್ಕನ್ನು ಕಲ್ಲಿಗೆ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಉಜ್ಜಿಕೊಳ್ಳುತ್ತಿತ್ತು, ಊಟ ಮುಗಿಸಿದವರು ಕೈ ಒರೆಸಿಕೊಳ್ಳುವ ಹಾಗೆ.

ಆ ಗುಪ್ಪೆಯನ್ನು ಪೇರಿಸಿದವಳು ಮನ್ಸೂರಾನೇ.

ಬರೀ ಅದೊಂದನ್ನಲ್ಲ, ಈ ವರ್ಷದ ನಲವತ್ತೊಂದನ್ನೂ. ಎರಡು ವರ್ಷದ ಹಿಂದೆ ಊಜ್ದಾದ ಕಾಲೇಜಿನಿಂದ ಪ್ರಾಣಿಶಾಸ್ತ್ರದ ಪದವಿ ಹಿಡಿದು ಈ ಕೆಲಸಕ್ಕೆ ಸೇರಿದಾಗ ಗೂಡಿನ ಗುರುತಿಡುವುದೇ ದೊಡ್ಡ ತಲೆನೋವಾಗಿತ್ತು. ಹುಬಾರಾ ಮರಳಿನ ಬಣ್ಣದ್ದು, ಮೊಟ್ಟೆಯೂ ಮರಳಿನ ಬಣ್ಣದ್ದು. ನಿನ್ನೆ ಕಂಡ ಗೂಡನ್ನು ಇವತ್ತು ಹುಡುಕಲು ಹೋಗಿ ಕೇಂದ್ರದವರೇ ಒಂದೆರಡನ್ನು ತುಳಿದಿದ್ದರು. ಆಗ ಅವಳು ಹೇಳಿದ್ದಳು: ನಮ್ಮ ಕಡೆ ಕುರಿಗಾಹಿಗಳು ಬಾವಿಯ ದಿಕ್ಕು ತಪ್ಪದಿರಲಿ ಅಂತ ಕಲ್ಲು ಪೇರಿಸಿಡುತ್ತಾರೆ, ನಾವೂ ಹಾಗೇ ಮಾಡಬಹುದು, ಗೂಡಿನಿಂದ ಸರಿಯಾಗಿ ಹತ್ತು ಹೆಜ್ಜೆ ಉತ್ತರಕ್ಕೆ. ಡಾಕ್ಟರ್ ಸೆಕ್ಕಾತ್ ಅಂದು ಎಲ್ಲರ ಮುಂದೆ ಅವಳ ಬೆನ್ನು ತಟ್ಟಿದ್ದರು. ವರದಿಯಲ್ಲಿ ಅವಳ ಹೆಸರು ಬಂದಿತ್ತು. ಆ ಪುಟವನ್ನು ಅವಳ ಅಪ್ಪ ಸಾಯುವವರೆಗೂ ಜೇಬಿನಲ್ಲಿಟ್ಟುಕೊಂಡಿದ್ದ, ಓದಲು ಬಾರದಿದ್ದರೂ.

ಅವಳು ಹಾಳೆಯಲ್ಲಿ 'ಕಾಗೆ' ಎಂಬ ಚೌಕಕ್ಕೆ ಗುರುತು ಹಾಕಿದಳು. ಈ ವರ್ಷ ಮೊದಲ ಸಲ.

*

ಕೇಂದ್ರ ಎಂದರೆ ತೆಂದ್ರಾರಾದಿಂದ ಒಂದು ಗಂಟೆಯ ದಾರಿಯಲ್ಲಿ ಬಿಳಿ ಗೋಡೆಯೊಳಗಿನ ಉದ್ದುದ್ದ ಶೆಡ್ಡುಗಳು. ಅಲ್ಲಿ ಯಂತ್ರದ ಕಾವಿನಲ್ಲಿ ಹುಬಾರಾ ಮರಿಗಳು ಹುಟ್ಟುತ್ತವೆ, ಬಲೆಯೊಳಗೆ ಬೆಳೆಯುತ್ತವೆ, ಕಾಲಿಗೆ ಬಳೆ ಹಾಕಿಸಿಕೊಂಡು ಚಳಿಗಾಲದ ಹೊತ್ತಿಗೆ ಬಯಲಿಗೆ ಬೀಳುತ್ತವೆ. ಹಾಗೆ ಬಿಟ್ಟ ಹಕ್ಕಿ ಸಾಯದೆ ಉಳಿದರೆ ಒಂದು ಗೆಲುವು. ತಾನಾಗಿ ಗೂಡು ಮಾಡಿ ಮರಿ ಎಬ್ಬಿಸಿದರೆ ಮಾತ್ರ ನಿಜವಾದ ಗೆಲುವು. ಇಲ್ಲಿನ ದೊಡ್ಡ ಪುಸ್ತಕಗಳೂ ದೂರದ ಊರುಗಳ ದೊಡ್ಡ ಸಭೆಗಳೂ ಕೇಳುವುದು ಅದೊಂದನ್ನೇ: ನೂರು ಗೂಡಿನಲ್ಲಿ ಎಷ್ಟು ಗೂಡು ಮರಿ ಕಂಡವು?

ಡಾಕ್ಟರ್ ಸೆಕ್ಕಾತ್ ಕಚೇರಿಯಲ್ಲಿ ಗೋಡೆಗೆ ನಕಾಶೆ ಅಂಟಿಸುತ್ತಿದ್ದರು. ಅವರು ಕೇಂದ್ರದ ಮುಖ್ಯಸ್ಥರು, ರಾಜಧಾನಿ ರಬಾತಿನವರು. ಸದಾ ಇಸ್ತ್ರಿ ಮಾಡಿದ ಅಂಗಿ. ನಕಾಶೆಯ ತುಂಬ ಕೆಂಪು ಚುಕ್ಕಿಗಳು.

"ಬಾ ಮನ್ಸೂರಾ. ಗುರುವಾರ ಕಾಯಿದ್ ಸಾಹೇಬ್ರು ಬರ್ತಾರೆ, ಅಪ್ಪಣೆಗೆ ಸಹಿ ಹಾಕಬೇಕಾದೋರು ಅವರೇ. ನಿಮ್ಮ ಹಿರಿಯರನ್ನೂ ಕರೆಸಿದ್ದೀನಿ. ಫೈದಾನ ಈ ವಸಂತಕ್ಕೆ ಕುರಿಗಳಿಗೆ ಮುಚ್ಚಬೇಕು ಅಂತ ಕೇಳ್ತೀನಿ. ಬೇಲಿ ಸಾಮಾನು ಬಂದಿದೆ."

ಫೈದಾ ಅವಳ ಸೋದರತ್ತೆ ಮೆಬಾರ್ಕಾಳ ಗುಡಾರಗಳಿರುವ ತಗ್ಗು. ಗುಡ್ಡದ ನೀರು ಹರಡಿ ನಿಲ್ಲುವ ಜಾಗ. ಸುತ್ತಲಿನ ಬಯಲು ಮಾರ್ಚಿನಲ್ಲೇ ಬೂದಿಯಾದರೂ ಫೈದಾದಲ್ಲಿ ಮೇ ಕೊನೆಯವರೆಗೂ ಹಸಿರಿರುತ್ತದೆ. ಕುರಿಮರಿಗಳು ಹಾಲು ಬಿಟ್ಟು ಹುಲ್ಲಿಗೆ ಬಾಯಿ ಹಾಕುವುದು ಅಲ್ಲೇ. ಆ ಎರಡು ತಿಂಗಳು ಕೈತಪ್ಪಿದರೆ ಹನ್ನೆರಡು ಗುಡಾರದವರು ಮಂದೆ ಮಾರಿ ಪೇಟೆಯ ಅಂಚಿಗೆ ಹೋಗಿ ಕೂರಬೇಕು.

"ಯಾವ ಆಧಾರದ ಮೇಲೆ, ಡಾಕ್ಟ್ರೇ?"

"ನಿನ್ನ ಹಾಳೆಗಳ ಆಧಾರದ ಮೇಲೆ." ಅವರು ತಿರುಗಲೂ ಇಲ್ಲ. "ಈ ವರ್ಷ ನಲವತ್ತೊಂದು ಗೂಡು. ಮೂವತ್ತೊಂದು ನಾಶ. ಅದರಲ್ಲಿ ಹತ್ತೊಂಬತ್ತಕ್ಕೆ ಕುರಿಮಂದೆ ಕಾರಣ. ಕೆಳಗೆ ಸಹಿ ಯಾರದು?"

ಸಹಿ ಅವಳದೇ. ಹಿಕ್ಕೆ ಇದ್ದರೆ ಕುರಿಮಂದೆ ಎಂದು ಬರೆ ಅಂದಾಗ ಬರೆದಿದ್ದಳು. ಒಂದು ಚೌಕದ ಗುರುತಿನಿಂದ ಏನಾದೀತು ಅಂದುಕೊಂಡಿದ್ದಳು.

ಚೀಲದಿಂದ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ತಾನಾಗಿ ಚಿತ್ರ ತೆಗೆಯುವ ಎರಡು ಪುಟ್ಟ ಕ್ಯಾಮೆರಾಗಳನ್ನು ಎರಡು ಗೂಡಿನ ಬಳಿ ಇಟ್ಟಿದ್ದಳು. ಮೊದಲ ಚಿತ್ರದಲ್ಲಿ ಕಾಗೆ ಕಲ್ಲುಗುಪ್ಪೆಯ ಮೇಲೆ. ಎರಡನೆಯದರಲ್ಲಿ ನೆಲದ ಮೇಲೆ, ತಲೆ ದಕ್ಷಿಣಕ್ಕೆ. ಮೂರನೆಯದರಲ್ಲಿ ಗೂಡಿನಲ್ಲಿ.

"ಕಲ್ಲು ಕಂಡ ತಕ್ಷಣ ಅವಕ್ಕೆ ಗೊತ್ತಾಗುತ್ತೆ. ಗುಪ್ಪೆ ಮೇಲೆ ಕೂತು, ಇಳಿದು, ನೆಟ್ಟಗೆ ಹತ್ತು ಹೆಜ್ಜೆ ನಡೀತವೆ. ಅಳತೆ ಹಿಡಿದ ಹಾಗೆ."

"ಎರಡು ಕ್ಯಾಮೆರಾ, ಎರಡು ಗೂಡು," ಅಂದರು ಸೆಕ್ಕಾತ್. "ಅದು ಪುರಾವೆ ಅಲ್ಲ, ಕಥೆ."

"ಹಾಗಾದ್ರೆ ಲೆಕ್ಕ ನೋಡಿ. ಕಲ್ಲು ಇಡೋ ಮುಂಚಿನ ವರ್ಷ ಹನ್ನೆರಡು ಗೂಡಲ್ಲಿ ಏಳು ಗೂಡು ಮರಿ ಕಂಡವು. ಕಲ್ಲಿಟ್ಟ ಮೊದಲ ವರ್ಷ ಇಪ್ಪತ್ತಾರರಲ್ಲಿ ಒಂಬತ್ತು. ಈ ವರ್ಷ ಮುಗಿದಿರೋ ಮೂವತ್ತೈದರಲ್ಲಿ ನಾಲ್ಕು. ಕುರಿ ಹೆಚ್ಚಾಗಿಲ್ಲ ಡಾಕ್ಟ್ರೇ, ಕಡಿಮೆಯಾಗಿದೆ. ಕಾಗೆಗಳು ಕಲಿತಿವೆ."

ಅವರು ಕನ್ನಡಕ ತೆಗೆದು ಒರೆಸಿದರು. "ಕಲ್ಲಿನ ವಿಧಾನ ಯಾರದು?"

"ನಂದು."

"ಎರಡು ವರ್ಷದ ವರದಿ ಅದರ ಮೇಲೆ ನಿಂತಿದೆ. ಮೂರು ದೇಶದವರು ಅದನ್ನ ನೋಡಿ ಹೊಗಳಿದ್ದಾರೆ. ಈಗ ಹೋಗಿ 'ನಮ್ಮ ಹಕ್ಕೀನ ನಾವೇ ಕಾಗೆ ಬಾಯಿಗೆ ಹಾಕಿದ್ವಿ' ಅಂತ ಹೇಳಲಾ? ನಿನಗೂ ಒಳ್ಳೇದಲ್ಲ, ನನಗೂ ಒಳ್ಳೇದಲ್ಲ. ಕುರಿ ಅಂದ್ರೆ ಯಾರಿಗೂ ಬೇಜಾರಿಲ್ಲ."

ಯಾರಿಗೂ ಬೇಜಾರಿಲ್ಲ. ಹೊರಗೆ ಬಂದು ಜೀಪಿನ ನೆರಳಲ್ಲಿ ನಿಂತಾಗಲೂ ಆ ಮಾತು ಅವಳ ಹಲ್ಲಿನ ಸಂದಿಯಲ್ಲಿ ಕಲ್ಲಿನ ಹರಳಿನಂತೆ ಕೂತಿತ್ತು.

"ವಸಂತಕ್ಕೆ ಕುರಿಗೆ ಬೇಲಿ," ಅಂದ ಲಖ್ದರ್, ಗಾಲಿಗೆ ಗಾಳಿ ಹೊಡೆಯುತ್ತ. "ಚಳಿಗಾಲಕ್ಕೆ ಗಿಡುಗ ಹಿಡ್ಕೊಂಡು ಇದೇ ಹಕ್ಕಿ ಬೇಟೆಗೆ ಬರೋ ಅತಿಥಿಗಳಿಗೆ ಗೇಟು. ಹಕ್ಕಿ ಪುಣ್ಯ ಮಾಡಿದೆ ಬಿಡು, ಸಾಯೋಕೂ ಕಾವಲು ಇಟ್ಟಿದ್ದಾರೆ."

*

ಬುಧವಾರ ಮಧ್ಯಾಹ್ನ ಅವಳು ಅತ್ತೆಯ ಗುಡಾರಕ್ಕೆ ಹೋದಳು. ಮೆಬಾರ್ಕಾ ಕುರಿಯುಣ್ಣೆ ನೂಲುತ್ತ ಕೂತಿದ್ದಳು. ಅರವತ್ತರ ಹೆಂಗಸು, ಗದ್ದದ ಮೇಲೆ ಹಳೆಯ ಹಚ್ಚೆ.

"ಬಾರಮ್ಮ, ಸರ್ಕಾರ," ಅಂದಳು. "ಆ ಹಸಿರು ಕೋಟು ಹೊರಗೇ ಬಿಚ್ಚಿಡು. ನನ್ನ ನಾಯಿಗೆ ಅದು ಕಂಡ್ರೆ ಆಗಲ್ಲ."

"ನಾನು ಸರ್ಕಾರ ಅಲ್ಲ ಅತ್ತೆ."

"ಕುರಿ ಮೇಲೆ ದೂರು ಬರೆದೋಳು ಯಾರು ಹಾಗಾದ್ರೆ? ಹತ್ತೊಂಬತ್ತಂತೆ. ನಿಮ್ಮಪ್ಪ ಇದ್ದಿದ್ರೆ ಏನಂತಿದ್ದ? ಅವನ ಜೇಬಲ್ಲಿ ನಿನ್ನ ಕಾಗದ ಇತ್ತು. ಹೆಣಕ್ಕೆ ಸ್ನಾನ ಮಾಡಿಸೋ ಮುಂಚೆ ನಾನೇ ತೆಗೆದಿಟ್ಟೆ."

ಮನ್ಸೂರಾ ಕೋಟು ಬಿಚ್ಚಿ ಹೊರಗಿಟ್ಟು ಬಂದು ಎದುರಿಗೆ ಕೂತಳು. ಅತ್ತೆ ಕದಿರು ಕೆಳಗಿಟ್ಟು, "ಏಳು," ಅಂದಳು. "ಬಾಯಿ ಮುಚ್ಕೊಂಡು ನನ್ನ ಹಿಂದೆ ಬಾ."

ಅರ್ಧ ಗಂಟೆ ನಡೆದರು. ಫೈದಾದ ನಡುವೆ ಮಂದೆ ಬೆನ್ನು ಬೆನ್ನು ತಾಗಿಸಿಕೊಂಡು ಮಲಗಿತ್ತು. ಸೊಸೆ ಒಬ್ಬಳು ದೂರದಲ್ಲಿ ಕೋಲೂರಿ ನಿಂತಿದ್ದಳು. ಅತ್ತೆ ಒಂದು ಹಲ್ಫಾ ಹುಲ್ಲಿನ ದಂಟಿನ ಬಳಿ ನಿಂತು ಬೆರಳು ತೋರಿಸಿದಳು. ದಂಟಿಗೆ ಒಂದು ಎಳೆ ಉಣ್ಣೆ. ಈ ಬಯಲಿನಲ್ಲಿ ಪ್ರತಿ ಮುಳ್ಳಿಗೂ ಪ್ರತಿ ಹುಲ್ಲಿಗೂ ಉಣ್ಣೆ ಸಿಕ್ಕಿಕೊಂಡಿರುತ್ತದೆ. ಆದರೆ ಇದಕ್ಕೆ ಗಂಟು ಹಾಕಿತ್ತು.

"ಕುರಿ ಗಂಟು ಹಾಕಲ್ಲ," ಅಂದಳು ಮೆಬಾರ್ಕಾ. "ಗಂಟು ಕಂಡ್ರೆ ನಮ್ಮ ಹೆಂಗಸ್ರು ಮಂದೆ ತಿರುಗಿಸ್ತಾರೆ. ನನ್ನಮ್ಮ ಹಾಗೇ ಮಾಡ್ತಿದ್ಲು. ಕಾಗೆಗೆ ಇದು ಬರೀ ಉಣ್ಣೆ. ಈಗ ಅಲ್ಲಿ ನೋಡು. ಬೆರಳು ತೋರಿಸ್ಬೇಡ, ಕಣ್ಣಲ್ಲೇ ನೋಡು."

ಇನ್ನೂರು ಹೆಜ್ಜೆ ಆಚೆ, ಒಂದು ಶೀಹ್ ಗಿಡದ ಪಕ್ಕ ನೆಲ ಒಮ್ಮೆ ಕಣ್ಣು ಮಿಟುಕಿಸಿತು. ಹುಬಾರಾ ಕಾವು ಕೂತಿತ್ತು. ಮನ್ಸೂರಾ ದುರ್ಬೀನು ಹಿಡಿದಳು. ಹಕ್ಕಿ ಎದ್ದು, ಮೊಟ್ಟೆ ಹೊರಳಿಸಿ, ಮತ್ತೆ ಕೂತಿತು. ಆ ಒಂದು ಗಳಿಗೆಯಲ್ಲಿ ಕಾಲಿನ ನೀಲಿ ಬಳೆ ಕಂಡಿತು. ಯಂತ್ರದ ಕಾವಿನಲ್ಲಿ ಹುಟ್ಟಿದ ಹಕ್ಕಿ. ತಾಯಿಯನ್ನೇ ಕಾಣದ್ದು. ಯಾರೂ ಕಲಿಸದೆ ಮೊಟ್ಟೆ ಹೊರಳಿಸುತ್ತಿತ್ತು.

"ಇದು ನಮ್ಮ ಲೆಕ್ಕದಲ್ಲಿಲ್ಲ."

"ಇಲ್ಲ. ಇದು ಮೂರನೇದು. ಮೊದಲ ಎರಡರದ್ದೂ ಮರಿ ಎದ್ದು ಹೋದ್ವು. ಒಂದರಲ್ಲಿ ಮೂರು ಮರಿ, ಇನ್ನೊಂದರಲ್ಲಿ ಎರಡು. ಮಂದೆ ಹತ್ರ ಇದ್ರೆ ನಾಯಿ ಇರುತ್ತೆ, ನಾಯಿ ಇದ್ರೆ ನರಿ ಬರಲ್ಲ. ಹಕ್ಕಿಗೂ ಗೊತ್ತು, ಅದಕ್ಕೇ ನಮ್ಮ ಹತ್ರ ಬಂದು ಕೂರುತ್ತೆ. ನೀವು ಕಲ್ಲು ಇಟ್ಟ ಕಡೆ ಹೋಗಿ ನೋಡು, ಕಾಗೆಗಳ ಮದುವೆ ಊಟ."

"ಯಾಕತ್ತೆ ಹೇಳ್ಲಿಲ್ಲ?"

"ಕೇಳಿದ್ರಾ?" ಮೆಬಾರ್ಕಾ ಉಗುಳಿದಳು. "ಎರಡು ವರ್ಷದಿಂದ ನಮ್ಮ ಬಾಗ್ಲ ಮುಂದೆ ಜೀಪು ಓಡಿಸ್ತೀರ. ಒಂದು ದಿನ ಇಳಿದು, 'ಅಮ್ಮ, ಹಕ್ಕಿ ಕಂಡ್ಯಾ' ಅಂದ್ರಾ? ಹಿಕ್ಕೆ ಎಣಿಸೋಕೆ ಮಾತ್ರ ಇಳಿದ್ರಿ."

ವಾಪಸ್ಸು ಬರುವಾಗ ಅತ್ತೆ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. "ನಾಳೆ ಸಭೇಲಿ ಈ ಜಾಗದ ಬಗ್ಗೆ ಬಾಯಿ ಬಿಟ್ಟೆ ಅಂದ್ರೆ ನೀನು ನನ್ನಣ್ಣನ ಮಗಳಲ್ಲ. ಹೇಳಿದ್ರೆ ನಾಲ್ಕು ಜೀಪು ಬರುತ್ತೆ. ಅಳೀತಾರೆ, ತೂಗ್ತಾರೆ, ಕಲ್ಲು ಪೇರಿಸ್ತಾರೆ. ಸಂಜೆ ಒಳಗೆ ಮುಗೀತು."

"ಆದ್ರೆ ಅತ್ತೆ, ಇದೊಂದೇ ನಿಮ್ಮ ಪರ ಇರೋ ಸಾಕ್ಷಿ. ಇದನ್ನ ತೋರಿಸದೆ ಫೈದಾ ಹೇಗೆ ಉಳಿಸ್ಕೋತೀರ?"

"ಅದು ನೀನು ಓದಿದ ಓದಿಗೆ ಬಿಟ್ಟದ್ದು," ಅಂದಳು ಮೆಬಾರ್ಕಾ. "ಹತ್ತೊಂಬತ್ತು ಸಲ ಬರೆದಿದ್ದೀಯಲ್ಲ."

*

ಗುರುವಾರ ಹಿರಿಯ ಹಾಜ್ ತಾಹರನ ದೊಡ್ಡ ಗುಡಾರದ ಒಂದು ಮಗ್ಗುಲನ್ನು ಪೂರ್ತಿ ಎತ್ತಿ ಕಟ್ಟಿದ್ದರು. ಎದುರಿಗೆ ಬೋಳು ಬಯಲು, ಕಣ್ಣು ಹೋಗುವಷ್ಟು ದೂರ. ಒಳಗೆ ಕಂಬಳಿಗಳ ಮೇಲೆ ಗಂಡಸರು. ನಡುವೆ ಕಾಯಿದ್, ಸರ್ಕಾರ ಈ ಸೀಮೆಗೆ ಕಳಿಸಿದ ಅಧಿಕಾರಿ, ಮೂವತ್ತೈದು ದಾಟಿರದ ಮನುಷ್ಯ, ಬೂಟು ಬಿಚ್ಚಿದ್ದಕ್ಕೆ ಕಾಲು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ. ಪರದೆಯ ಆಚೆ ಹೆಂಗಸರು, ಈಚೆ ಡಾಕ್ಟರ ಪಕ್ಕದಲ್ಲಿ ಮನ್ಸೂರಾ ಒಬ್ಬಳೇ. ರೊಟ್ಟಿ, ಬೆಣ್ಣೆ, ಪುದೀನಾ ಚಹಾ.

ಸೆಕ್ಕಾತ್ ನಕಾಶೆ ಬಿಚ್ಚಿದರು. ಕೆಂಪು ಚುಕ್ಕಿ ತೋರಿಸಿದರು. ಹಸಿರು ಬೇಲಿ ತೋರಿಸಿದರು. ಹತ್ತೊಂಬತ್ತು ಅನ್ನುವಾಗ ಮನ್ಸೂರಾಳ ಕಡೆ ಕೈ ಮಾಡಿ, "ನಿಮ್ಮದೇ ಮನೆ ಮಗಳು ಬರೆದ ಲೆಕ್ಕ," ಅಂದರು.

ಎಲ್ಲರೂ ಅವಳತ್ತ ನೋಡಿದರು. ಕೇಂದ್ರದ ಹಸಿರು ಕೋಟು ಮೈಮೇಲೆ ಒಮ್ಮೆಲೇ ಭಾರವಾಯಿತು.

ಹಾಜ್ ತಾಹರ್ ಚಹಾ ಲೋಟ ಕೆಳಗಿಟ್ಟ. "ಸೀದಿ, ನನ್ನಜ್ಜ ಈ ಹಕ್ಕಿ ನೋಡಿದ್ದ. ನನ್ನಜ್ಜನ ಕುರೀನ ಈ ಹಕ್ಕೀನೂ ನೋಡಿತ್ತು. ಇಬ್ಬರಿಗೂ ಜಗಳ ಬಂದದ್ದು ಕೇಳಿಲ್ಲ. ಹಕ್ಕಿ ಕಡಿಮೆ ಆದದ್ದು ಬಂದೂಕು ಬಂದ ಮೇಲೆ, ಗಿಡುಗದವರ ಕಾರು ಬಂದ ಮೇಲೆ. ಅದಕ್ಕೆ ನಿಮ್ಮ ಹಾಳೇಲಿ ಒಂದು ಚೌಕ ಇಲ್ವಾ?"

"ಅದು ಬೇರೆ ವಿಷಯ, ಹಾಜ್."

"ನಮಗೆ ಬೇಡದ್ದು ಮಾತ್ರ ವಿಷಯ. ನಿಮಗೆ ಬೇಡದ್ದೆಲ್ಲ ಬೇರೆ ವಿಷಯ."

ಪರದೆಯ ಆಚೆಯಿಂದ ಮೆಬಾರ್ಕಾಳ ದನಿ ಬಂತು. "ನಮ್ಮ ಮಂದೆ ನಡುವೆ ಗೂಡು ಮಾಡಿ ಮರಿ ಎಬ್ಬಿಸಿರೋ ಹಕ್ಕಿ ಇವೆ. ನಾನು ಕಂಡಿದ್ದೀನಿ. ಬಳೆ ಹಾಕಿದ್ವು, ನಿಮ್ಮವೇ."

ಸೆಕ್ಕಾತ್ ತಲೆ ಎತ್ತಿದರು. "ಎಲ್ಲಿ?"

ಸೆಕ್ಕಾತ್ ನಕಾಶೆಯನ್ನು ಪರದೆಯ ಕಡೆ ತಿರುಗಿಸಿ ಹಿಡಿದರು.

"ಎಲ್ಲಮ್ಮ? ತೋರಿಸಿ. ಈಗಲೇ ಹೋಗೋಣ, ಕಾಯಿದ್ ಸಾಹೇಬ್ರೂ ಇದ್ದಾರೆ."

"ತೋರಿಸಲ್ಲ."

ಸೆಕ್ಕಾತ್ ನಕ್ಕು ಕಾಯಿದನ ಕಡೆ ತಿರುಗಿದರು. "ನೋಡಿದ್ರಲ್ಲ. ಲೆಕ್ಕದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ. ಮಾತು ಯಾರು ಬೇಕಾದ್ರೂ ಆಡ್ತಾರೆ."

ಮನ್ಸೂರಾಳಿಗೆ ಆಗ ಸಿಟ್ಟು ಬಂತು. ಇಷ್ಟು ದಿನ ಬಂದದ್ದು ಸಿಟ್ಟಲ್ಲ, ನಾಚಿಕೆ. ಲೆಕ್ಕಕ್ಕೆ ಬಂದ ಗೂಡು ಕಾಗೆಯ ಪಾಲು. ಲೆಕ್ಕಕ್ಕೆ ಬಾರದ ಗೂಡು ಮರಿ ಕಂಡರೂ ಇಲ್ಲವೇ ಇಲ್ಲ. ಹಾಗಾದರೆ ಬದುಕಬೇಕಾದ ಹಕ್ಕಿ ಎಲ್ಲಿಗೆ ಹೋಗಬೇಕು? ಅವಳು ಎದ್ದಳು. ಯಾರ ಕಡೆಯೂ ನೋಡದೆ ಗುಡಾರದಿಂದ ಹೊರಗೆ ಬಯಲಿಗೆ ನಡೆದಳು.

"ಮನ್ಸೂರಾ!" ಸೆಕ್ಕಾತ್ ಕರೆದರು. ಅವಳು ನಿಲ್ಲಲಿಲ್ಲ.

ಎಲ್ಲರಿಗೂ ಕಾಣುವಂತೆ ಇನ್ನೂರು ಹೆಜ್ಜೆ ಹೋದಳು. ಬೋಳು ನೆಲ, ಅಲ್ಲೊಂದು ಇಲ್ಲೊಂದು ಶೀಹ್ ಗಿಡ. ಒಂದು ಗಿಡದ ಬುಡದಲ್ಲಿ ದಿನವೂ ಮಾಡುವ ಹಾಗೆ ಬಗ್ಗಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಹತ್ತು ಹೆಜ್ಜೆ ಉತ್ತರಕ್ಕೆ ಎಣಿಸಿದಳು. ಐದು ಕಲ್ಲು ಆಯ್ದು ಪೇರಿಸಿದಳು, ಕೆಳಗೆ ಮೂರು, ಮೇಲೆ ಒಂದು, ತುದಿಯಲ್ಲಿ ಇನ್ನೊಂದು. ತಿರುಗಿ ಬಂದು ತನ್ನ ಜಾಗದಲ್ಲಿ ಕೂತಳು.

"ಇದೇನು?" ಅಂದ ಕಾಯಿದ್.

"ನಮ್ಮ ಗುರುತು, ಸೀದಿ. ಪ್ರತಿ ಗೂಡಿಗೂ ಒಂದು ಇಡ್ತೀವಿ. ಅಲ್ಲಿ ಗೂಡಿಲ್ಲ. ಬರೀ ಕಲ್ಲು. ಒಂದು ಲೋಟ ಚಹಾ ಕುಡಿಯೋವರೆಗೆ ಕಾಯಿರಿ ಅಂತ ಬೇಡ್ಕೋತೀನಿ."

"ಇದು ಸಂಶೋಧನೆ ಅಲ್ಲ, ತಮಾಷೆ," ಅಂದರು ಸೆಕ್ಕಾತ್.

"ಕುಡೀರಿ ಡಾಕ್ಟ್ರೇ, ಚಹಾ ಆರುತ್ತೆ," ಅಂದ ಹಾಜ್ ತಾಹರ್.

ಮೊದಲ ಲೋಟ ಮುಗಿಯಿತು. ಬಯಲು ಖಾಲಿ. ಯಾರೋ ಕೆಮ್ಮಿದರು. ಕಾಯಿದ್ ಗಡಿಯಾರ ನೋಡಿಕೊಂಡ. ಎರಡನೆಯ ಸಲ ಹಾಜ್ ಚಹಾ ಎತ್ತರದಿಂದ ಸುರಿಯುತ್ತಿದ್ದಾಗ ಹೊರಗೆ ಜೀಪಿಗೆ ಒರಗಿ ನಿಂತಿದ್ದ ಲಖ್ದರ್ ಕೂಗಿದ: "ನೆಂಟರು ಬಂದ್ರು!"

ಕಾಗೆ ಪೂರ್ವದಿಂದ ತಗ್ಗಾಗಿ ಹಾರಿ ಬಂತು. ಗುಡಾರದ ಮೇಲೆ ಒಂದು ಸುತ್ತು ಕೂಡ ಹಾಕಲಿಲ್ಲ. ನೇರ ಕಲ್ಲಿನ ತುದಿಗೆ ಹೋಗಿ ಕೂತಿತು. ಕತ್ತು ಆ ಕಡೆ ಈ ಕಡೆ ಆಡಿಸಿತು. ಆಮೇಲೆ ನೆಲಕ್ಕಿಳಿದು ದಕ್ಷಿಣಕ್ಕೆ ನಡೆಯತೊಡಗಿತು, ಅವಸರವಿಲ್ಲದೆ, ಸ್ವಂತ ಅಂಗಡಿಯ ಬಾಗಿಲು ತೆಗೆಯಲು ಹೊರಟ ವ್ಯಾಪಾರಿಯಂತೆ. ಶೀಹ್ ಗಿಡದ ಬುಡಕ್ಕೆ ಬಂದು ನಿಂತು ಸುತ್ತಲೂ ಹುಡುಕಿತು. ಒಣ ಕಡ್ಡಿ ಎತ್ತಿ ಎಸೆಯಿತು. ಮತ್ತೆ ಹುಡುಕಿತು. ಅಷ್ಟರಲ್ಲಿ ಎರಡನೆಯದು ಬಂದು ಕಲ್ಲಿನ ಮೇಲೆ ಕೂತಿತು. ಆಮೇಲೆ ಮೂರನೆಯದು.

ಗುಡಾರದ ತುಂಬ ನಗು. ಕಾಯಿದನೂ ನಕ್ಕ. ಮೂರನೆಯ ಕಾಗೆಯೂ ಇಳಿದು ದಕ್ಷಿಣಕ್ಕೇ ನಡೆದದ್ದನ್ನು ಕಂಡು ನಗು ನಿಲ್ಲಿಸಿದ.

"ರೊಟ್ಟಿ ವಾಸನೆಗೆ ಬಂದಿರ್ತವೆ," ಅಂದರು ಸೆಕ್ಕಾತ್.

"ರೊಟ್ಟಿ ನನ್ನ ಮುಂದಿದೆ ಡಾಕ್ಟ್ರೇ," ಅಂದ ಕಾಯಿದ್. "ಅವು ಅಲ್ಲಿಗೆ ಯಾಕೆ ಹೋದ್ವು?"

"ಒಂದು ಸಲ ಕಂಡದ್ದರಿಂದ ತೀರ್ಮಾನಕ್ಕೆ ಬರೋಕಾಗಲ್ಲ. ಎರಡು ವರ್ಷದ ಅಧ್ಯಯನ ಬೇಕು. ಅಲ್ಲಿವರೆಗೆ ಮುನ್ನೆಚ್ಚರಿಕೆಯಾಗಿ ಬೇಲಿ..."

"ಹತ್ತೊಂಬತ್ತು ಗೂಡು ಕುರಿ ತುಳಿದದ್ದು ಅಂತ ಬರೆಯೋಕೆ ಎಷ್ಟು ವರ್ಷದ ಅಧ್ಯಯನ ಮಾಡಿದ್ರಿ?" ಅಂದ ಕಾಯಿದ್.

ಮನ್ಸೂರಾ ಎದ್ದು ನಿಂತಳು. ಸಭೆಯಲ್ಲಿ ಹೆಣ್ಣು ಎದ್ದು ನಿಂತದ್ದಕ್ಕೆ ಒಂದಿಬ್ಬರು ಮುಖ ತಿರುಗಿಸಿದರು.

"ಅದನ್ನ ಬರೆದದ್ದು ನಾನು, ಸೀದಿ. ಹಿಕ್ಕೆ ಇದೆ ಅಂತ ಬರೆದೆ. ಒಂದು ಮೊಟ್ಟೆನೂ ತುಳಿದಿರಲಿಲ್ಲ, ಎಲ್ಲ ಕುಕ್ಕಿದ್ದು. ನೋಡಿಯೂ ಬರೆದೆ. ಕಲ್ಲು ಇಡೋ ಬುದ್ಧೀನೂ ನಂದೇ. ಕುರಿ ತಪ್ಪಿಲ್ಲ."

ಪರದೆಯ ಆಚೆ ಯಾವುದೋ ಕೈಬಳೆ ಸದ್ದಾಯಿತು.

ಕಾಯಿದ್ ಬೂಟಿಗೆ ಕೈ ಹಾಕಿದ. "ಈ ವಸಂತಕ್ಕೆ ನಾನು ಸಹಿ ಹಾಕಲ್ಲ. ಮುಂದಿನ ವರ್ಷದ ಮಾತು ಮುಂದಿನ ವರ್ಷ." ಅಷ್ಟೇ. ನ್ಯಾಯ ಅಂತಲೂ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. ಹಾಜ್ ತಾಹರ್ ಕಣ್ಣೊರೆಸಿಕೊಂಡದ್ದನ್ನು ಎಲ್ಲರೂ ಕಾಣದವರಂತೆ ಇದ್ದರು.

ಹೊರಗೆ ಬಂದ ಮೇಲೆ ಸೆಕ್ಕಾತ್ ಅವಳ ಹತ್ತಿರ ನಿಂತರು. ಜೋರು ಮಾಡಲಿಲ್ಲ. "ಕೋಟು, ದುರ್ಬೀನು, ಹಾಳೆಗಳು ಶನಿವಾರದೊಳಗೆ ಕಚೇರೀಲಿ ಇರ್ಲಿ. ಹಕ್ಕಿಗೋಸ್ಕರ ಕೆಲಸ ಮಾಡ್ತೀಯ ಅಂದ್ಕೊಂಡಿದ್ದೆ."

"ನಾನೂ ನಿಮ್ಮ ಬಗ್ಗೆ ಹಾಗೇ ಅಂದ್ಕೊಂಡಿದ್ದೆ."

"ಕಲ್ಲುಗಳನ್ನ ಮುಟ್ಟಬೇಡ. ಋತು ಮುಗಿಯೋವರೆಗೂ ವಿಧಾನ ಬದಲಾಯಿಸೋ ಹಾಗಿಲ್ಲ. ಲೆಕ್ಕ ಕೆಡುತ್ತೆ."

ಇನ್ನೂ ಆರು ಗೂಡುಗಳಲ್ಲಿ ಹಕ್ಕಿ ಕಾವು ಕೂತಿತ್ತು. ಆರಕ್ಕೂ ಕಲ್ಲಿತ್ತು.

ಅವಳು ಕೋಟು ಬಿಚ್ಚಿ ಮಡಚಿ ಅವರ ಕೈಗೇ ಕೊಟ್ಟಳು. ಶನಿವಾರದವರೆಗೆ ಕಾಯುವುದೇನಿತ್ತು? ಕಾಗೆಗಳಿಗೆ ಆ ಹಸಿರೂ ಗೊತ್ತಿತ್ತು.

ಲಖ್ದರ್ ಜೀಪಿನ ಬಾಗಿಲು ತೆರೆದ. ಸೆಕ್ಕಾತ್ ಅವನನ್ನು ನೋಡಿದರು. "ಲಖ್ದರ್, ಜೀಪು ಕೇಂದ್ರದ್ದು."

"ಹೌದು ಡಾಕ್ಟ್ರೇ." ಅವನು ಕೀಲಿ ತೆಗೆದು ಸೀಟಿನ ಮೇಲಿಟ್ಟ. "ಕಾಲು ನಂದು. ನಡೀ ತಂಗಿ."

ಸಂಜೆಯವರೆಗೂ ನಡೆದರು. ಜೀಪಿನ ಗಾಲಿಗುರುತು ಬಿಟ್ಟು ಮಂದೆಯ ದಾರಿಯಲ್ಲಿ ನಡೆದರು. ಮೊದಲ ಗುಪ್ಪೆಯ ಕಲ್ಲುಗಳನ್ನು ಒಂದೊಂದನ್ನೂ ಒಂದೊಂದು ದಿಕ್ಕಿಗೆ ಹೊತ್ತು ಹಾಕಿದರು, ಬೇರೆ ಕಲ್ಲುಗಳ ನಡುವೆ, ಬಿಸಿಲಿಗೆ ಕಪ್ಪಾದ ಮೈ ಮೇಲಾಗಿರುವಂತೆ. ಹಕ್ಕಿ ಕತ್ತು ನೆಲಕ್ಕೆ ಚಾಚಿ ಮಲಗಿ ನೋಡುತ್ತಿತ್ತು. ಅವಳು ಅದರ ಕಡೆ ತಿರುಗಲಿಲ್ಲ. ಎರಡನೆಯದು, ಮೂರನೆಯದು. ನಾಲ್ಕನೆಯದರ ಹೊತ್ತಿಗೆ ಅವಳ ಉಗುರು ಸೀಳಿತ್ತು. ಐದನೆಯದರಲ್ಲಿ ಹಕ್ಕಿ ಎದ್ದು ಓಡಿ, ಅವರು ದೂರ ಹೋದ ಮೇಲೆ ಬಂದು ಕೂತಿತು.

ಆರನೆಯ ಗುಪ್ಪೆಯ ಮೇಲೆ ಎರಡು ಕಾಗೆಗಳಿದ್ದವು.

ಅವಳು ಓಡಿದಳು. ಕಾಗೆಗಳು ಎದ್ದವು, ಅಂಥ ಗಾಬರಿಯಿಂದೇನೂ ಅಲ್ಲ. ಹತ್ತು ಹೆಜ್ಜೆ ಆಚೆ ಗುಳಿಯಲ್ಲಿ ಮೂರು ಚಿಪ್ಪು. ಒಂದರೊಳಗೆ ಇನ್ನೇನು ನಾಲ್ಕೈದು ದಿನದಲ್ಲಿ ಹೊರಬರಬೇಕಿದ್ದ ಮರಿಯ ಒಂದು ಕಾಲು, ಪೂರ್ತಿ ಬೆಳೆದದ್ದು, ಬೆರಳುಗಳು ಮಡಚಿಕೊಂಡದ್ದು. ತಾಯಿ ಸ್ವಲ್ಪ ದೂರದಲ್ಲಿ ನಿಂತು ಹುಲ್ಲು ಹೆಕ್ಕುವ ಹಾಗೆ ನಟಿಸುತ್ತಿತ್ತು.

ಅವಳು ಮೊದಲು ಕಲ್ಲುಗಳನ್ನು ಎತ್ತಿ ಹಾಕಿದಳು. ಐದನ್ನೂ. ಆಮೇಲೆ ಕೂತು ಚೀಲದಿಂದ ಹಾಳೆ ತೆಗೆದಳು.

"ಇನ್ನೂ ಯಾಕೆ ಬರೀತೀಯ?" ಅಂದ ಲಖ್ದರ್. "ಯಾರು ಓದ್ತಾರೆ?"

ಅವಳು ಗೂಡಿನ ಸಂಖ್ಯೆ ಬರೆದಳು, ತಾರೀಕು ಬರೆದಳು. 'ನಾಶದ ಕಾರಣ' ಎಂಬಲ್ಲಿ ಐದು ಚೌಕಗಳನ್ನೂ ಖಾಲಿ ಬಿಟ್ಟು ಪಕ್ಕದ ಅಂಚಿನಲ್ಲಿ 'ನಾವು' ಎಂದು ಬರೆದಳು. ಕೆಳಗೆ ಸಹಿ ಹಾಕಿದಳು. ಆಮೇಲೆ ಚೀಲದ ತಳದಿಂದ ಹಳೆಯ ಹತ್ತೊಂಬತ್ತು ಹಾಳೆಗಳ ನಕಲುಗಳನ್ನು ಹೊರತೆಗೆದು, ಮೊದಲನೆಯದನ್ನು ಮೊಣಕಾಲ ಮೇಲಿಟ್ಟುಕೊಂಡು, 'ಕುರಿಮಂದೆ' ಎಂಬುದರ ಮೇಲೆ ಅಡ್ಡಗೆರೆ ಎಳೆದಳು.